ಬೀಸುಕಲ್ಲಿನ ಮುಂದೆ ಹಾಡಿದ ದುಃಖ

ಪ್ರಶ್ನೆ: ನನ್ನ ಅಜ್ಜಿ ಜೋಳ ಬೀಸುತ್ತ ಹಾಡುತ್ತಿದ್ದ ತ್ರಿಪದಿಗಳಲ್ಲಿ ಅತ್ತೆಮನೆಯ ಕಷ್ಟವೇ ತುಂಬಿರುತ್ತಿತ್ತು, ಆದರೆ ಕಲ್ಲು ನಿಂತೊಡನೆ ಆಕೆ ಆ ಕುರಿತು ಒಂದು ಮಾತನ್ನೂ ಆಡುತ್ತಿರಲಿಲ್ಲ. ತನ್ನನ್ನು ಯಾರೂ ಅರಿಯಲಿಲ್ಲವೆಂಬ ನೋವು ಮಾತಿಗೆ ಒಗ್ಗದೆ ಹಾಡಿಗೆ ಒಗ್ಗುವುದೇಕೆ?

ಉತ್ತರ 1: ಹಾಡಿನಲ್ಲಿ ಬರುವ ಅತ್ತೆ ಹಾಡಿನ ಅತ್ತೆಯೇ ಹೊರತು ಪಕ್ಕದ ಕೋಣೆಯಲ್ಲಿ ಮಲಗಿರುವವಳಲ್ಲವೆಂದು ಹೇಳಿಕೊಳ್ಳಲು ಅಲ್ಲಿ ಅವಕಾಶವಿತ್ತು. ಛಂದಸ್ಸಿನ ಪಾಲೂ ಇದೆ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೊಮ್ಮೆ ಹೇಳಿ ಮೂರನೆಯದಕ್ಕೆ ಹೋಗುವುದರಿಂದ, ಆಡಲಾಗದ ಮಾತು ತುಟಿಯವರೆಗೆ ಬಂದು ಒಂದು ಗಳಿಗೆ ತಡೆದು ನಿಂತಂತೆ ಕೇಳಿಸುತ್ತದೆ. ಅಚ್ಚಾದ ಪುಸ್ತಕದಲ್ಲಿ ಆ ತಡೆ ಕಾಣುವುದೇ ಇಲ್ಲ, ಅದೊಂದು ನಷ್ಟ.

ಉತ್ತರ 2: ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನೂ ಇಲ್ಲಿ ನೆನೆಯಬೇಕು. ತಾನೇ ನೂತ ನೂಲು ತನ್ನನ್ನೇ ಸುತ್ತಿ ಸಾಯುವ ತೆರಣಿಯ ಹುಳುವಿನ, ಎಂದರೆ ರೇಷ್ಮೆಹುಳುವಿನ, ಚಿತ್ರ ಆಕೆಯ ವಚನದಲ್ಲಿದೆ. ಬೀಸುವ ಪದದಲ್ಲಿ ಬಂಧನ ಹೊರಗಿನವರು ಹಾಕಿದ್ದು. ಅಕ್ಕನಲ್ಲಿ ಅದು ತನ್ನ ಮನಸ್ಸೇ ಬಯಸಿ ನೇಯ್ದದ್ದು, ಆದ್ದರಿಂದಲೇ ದೂರಲು ಅಲ್ಲಿ ಯಾರೂ ಸಿಗುವುದಿಲ್ಲ.

ಉತ್ತರ 3: ಎರಡನ್ನೂ ಇಷ್ಟು ಬೇರೆಯಾಗಿ ಕಾಣಲು ನನಗೆ ಮನಸ್ಸಿಲ್ಲ. ತವರಿನ ಹಂಬಲದ ಹಾಡುಗಳಲ್ಲಿ ಹೆಣ್ಣನ್ನು ಕಟ್ಟಿಹಾಕುವುದು ಅತ್ತೆಯೊಬ್ಬಳೇ ಅಲ್ಲ. ಕರೆಯಲು ಬಾರದ ಅಣ್ಣನ ಮೇಲಿನ ಪ್ರೀತಿಯೂ ಆ ನೂಲೇ.

ಪ್ರಶ್ನೆ ಕೇಳಿದವರು: ಅಜ್ಜಿಯ ಪದಗಳಲ್ಲಿ ಅಣ್ಣನೇ ಹೆಚ್ಚು ಬರುತ್ತಿದ್ದನೆಂಬುದು ಈಗ ನೆನಪಾಗುತ್ತಿದೆ.