ಒಂದನೇ ತರಗತಿಯ ಮಗು ತಾನೇ ಓದಿಕೊಳ್ಳುವಂಥ ಕನ್ನಡ ಪುಸ್ತಕವನ್ನು ಆರಿಸುವುದು ಹೇಗೆ?

ಪ್ರಶ್ನೆ: ಒಬ್ಬ ತಾಯಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂದನೇ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ನಮ್ಮ ಮನೆಮಾತು ತೆಲುಗು. ಅವಳು ಅಕ್ಷರಮಾಲೆಯನ್ನು ತಪ್ಪಿಲ್ಲದೆ ಹೇಳುತ್ತಾಳೆ, ಕಾಗುಣಿತವನ್ನೂ ಬಹುಮಟ್ಟಿಗೆ ಬರೆಯುತ್ತಾಳೆ. ಆದರೆ ಕಥೆ ಪುಸ್ತಕವನ್ನು ಕೈಗೆ ಕೊಟ್ಟರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಮುಖ ಸಪ್ಪೆಯಾಗಿ, ಪುಸ್ತಕವನ್ನು ಮಡಚಿಟ್ಟುಬಿಡುತ್ತಾಳೆ. ಹೋದ ತಿಂಗಳು ಬೆಂಗಳೂರಿನ ಒಂದು ಅಂಗಡಿಯಿಂದ, ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಎಂದು ಹಿಂಬದಿಯಲ್ಲಿ ಮುದ್ರಿಸಿದ್ದ ಐದು ಪುಸ್ತಕಗಳನ್ನು ಕೊಂಡು ತಂದೆವು. ಚಿತ್ರಗಳು ಬಹಳ ಸೊಗಸಾಗಿವೆ, ಆದರೆ ಅವುಗಳಲ್ಲಿ ಒಂದನ್ನೂ ಅವಳಿಂದ ಓದಲಾಗಲಿಲ್ಲ.

ಮೊನ್ನೆ ಒಂದು ಪುಟದಲ್ಲಿ 'ಹುಲಿ' ಎಂಬ ಪದದ ಕೆಳಗೆ ಬೆರಳಿಟ್ಟು, ಬಲು ಧೈರ್ಯವಾಗಿ ತೆಲುಗಿನಲ್ಲಿ 'ಪುಲಿ' ಎಂದಳು. ಅವಳು ಚಿತ್ರ ನೋಡಿ ಹೇಳುತ್ತಿದ್ದಾಳೆಯೇ ಹೊರತು ಅಕ್ಷರ ನೋಡಿ ಅಲ್ಲ ಎಂಬುದು ಆಗ ನನಗೆ ಹೊಳೆಯಿತು. ಎಂಥ ಪುಸ್ತಕವನ್ನು ತರಬೇಕು, ಅಂಗಡಿಯಲ್ಲಿ ನಿಂತು ಅದನ್ನು ಗುರುತಿಸುವುದು ಹೇಗೆ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಾಲೂರು

ಪುಸ್ತಕದ ಹಿಂಬದಿಯ ವಯಸ್ಸನ್ನು ನಂಬಬೇಡಿ, ತಾಯಿ. ಪುಸ್ತಕವನ್ನು ತೆರೆದು, ನಡುವಿನ ಒಂದು ಪುಟದಲ್ಲಿ ಒತ್ತಕ್ಷರಗಳು ಎಷ್ಟಿವೆ ಎಂದು ಎಣಿಸಿ ನೋಡಿ. ಕನ್ನಡದಲ್ಲಿ ಓದಲು ಕಲಿಯುವ ಮಗುವಿಗೆ ಕಥೆಯ ಉದ್ದವಾಗಲಿ ಪದಗಳ ಸಂಖ್ಯೆಯಾಗಲಿ ದೊಡ್ಡ ತೊಡಕಲ್ಲ. ಒಂದೊಂದು ಪದದೊಳಗೆ ಏನೇನು ತುಂಬಿಕೊಂಡಿದೆ ಎಂಬುದೇ ತೊಡಕು.

'ನೋಡುತ್ತಿದ್ದಾಳೆ' ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಐದು ಅಕ್ಷರ, ಅದರಲ್ಲಿ ಎರಡು ಒತ್ತು, ಅಕ್ಷರ ಅಕ್ಷರಕ್ಕೂ ಒಂದೊಂದು ಬೇರೆ ಸ್ವರಚಿಹ್ನೆ. ನಮಗೆ ಅದು ಒಂದು ನೋಟದ ಕೆಲಸ. ಮಗುವಾದರೋ ಐದನೇ ಅಕ್ಷರವನ್ನು ಬಿಡಿಸುವ ಹೊತ್ತಿಗೆ ಮೊದಲನೆಯದನ್ನು ಮರೆತಿರುತ್ತದೆ. ನಮ್ಮ ಬರಹದ ಕನ್ನಡದಲ್ಲಿ ಬರುತ್ತಾನೆ, ಹೋಗುತ್ತದೆ, ತಿನ್ನುತ್ತಾರೆ ಎಂದು ವರ್ತಮಾನ ಕಾಲದ ಕ್ರಿಯಾಪದಗಳಿಗೆಲ್ಲ ಒತ್ತು ಇದ್ದೇ ಇರುತ್ತದೆ. ಅದೇ ಕಥೆಯನ್ನು ಭೂತಕಾಲದಲ್ಲಿ ಹೇಳಿದರೆ ಬಂದ, ಹೋದಳು, ಓಡಿತು, ಕುಡಿದರು ಎಂದು ಎಷ್ಟೋ ಕಡೆ ಒತ್ತೇ ಇರುವುದಿಲ್ಲ. ಆದ್ದರಿಂದ ಮೊದಮೊದಲಿಗೆ ನಡೆದುಹೋದ ಕಥೆಯನ್ನು ಹೇಳುವ ಪುಸ್ತಕಗಳನ್ನು, ಇಲ್ಲವೇ 'ಬಾ', 'ನೋಡು', 'ಕೊಡು' ಎಂದು ಚಿಕ್ಕ ಮಾತುಗಳಲ್ಲಿ ಸಾಗುವ ಪುಸ್ತಕಗಳನ್ನು ಆರಿಸಿ. ನಾನು ತರಗತಿಯಲ್ಲಿ ವರ್ಷಗಟ್ಟಲೆ ಪುಸ್ತಕಗಳನ್ನು ಬೇರ್ಪಡಿಸಿಟ್ಟದ್ದು ಬಹುಪಾಲು ಈ ಒಂದೇ ಅಳತೆಯಿಂದ.

ಒತ್ತುಗಳೂ ಎಲ್ಲವೂ ಒಂದೇ ಕಷ್ಟದವಲ್ಲ. ಅಪ್ಪ, ಅಜ್ಜ, ಅಣ್ಣ ಎಂಬಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರದ ಮರಿಯಂತೆಯೇ ಕಾಣುವುದರಿಂದ ಮಗು ಬೇಗ ಹಿಡಿದುಕೊಳ್ಳುತ್ತದೆ. ತ, ನ, ಮ, ಯ, ರ, ಲ ಈ ಆರಕ್ಕೆ ಮಾತ್ರ ಒತ್ತಿನ ರೂಪವೇ ಬೇರೆ. ಅನ್ನ, ಹಲ್ಲು, ಅತ್ತೆ ಎಂಬ ಪದಗಳನ್ನು ಮನೆಯಲ್ಲಿ ನಿತ್ಯ ಕೇಳುವ ಮಕ್ಕಳೂ ಪುಟದ ಮೇಲೆ ಅವುಗಳ ಮುಂದೆ ತಡವರಿಸುವುದು ಇದೇ ಕಾರಣಕ್ಕೆ. ಪುಸ್ತಕ, ಚಕ್ರದಂಥ ವಿಜಾತೀಯ ಒತ್ತುಗಳು, ಅಂದರೆ ಒಂದು ಅಕ್ಷರಕ್ಕೆ ಬೇರೊಂದು ಅಕ್ಷರದ ಒತ್ತು ಸೇರಿದವು, ಆಮೇಲೆ ಬರಲಿ. ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು. 'ಸೂರ್ಯ' ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು, ಆದರೆ ಅದರ ಗುರುತು ಯಕಾರದ ಬಲಕ್ಕೆ ಇರುತ್ತದೆ. ಬರೆದಂತೆಯೇ ಎಡದಿಂದ ಬಲಕ್ಕೆ ಓದಿ 'ಸೂಯರ' ಎನ್ನುವ ಮಗು ದಡ್ಡ ಮಗುವಲ್ಲ, ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುವ ಮಗು.

ಶಾಲೆಯಲ್ಲಿ ಎಲ್ಲಿಯವರೆಗೆ ಕಲಿಸಿದ್ದಾರೆ ಎಂಬುದನ್ನೂ ಕೇಳಿಕೊಳ್ಳಿ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲಿ ಅ ಆ ಇ ಈ ಎಂಬ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದು, ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನು ಓದಿಬಿಡಬಹುದು ಎಂಬ ಕಾರಣಕ್ಕೆ. ಮಗುವಿಗೆ ಬಂದಿರುವ ಅಕ್ಷರಗಳಲ್ಲೇ ಬಹುಪಾಲು ಪುಟ ಮುಗಿಯುವಂಥ ಪುಸ್ತಕವೇ ಅದರ ಪುಸ್ತಕ.

ಉತ್ತರ: ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ, ಮಧುಗಿರಿ ತಾಲ್ಲೂಕು

ಮೇಡಂ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕೊಂಡು ತಂದಿರುವ ಐದು ಪುಸ್ತಕಗಳನ್ನು ದಯವಿಟ್ಟು ಮೂಲೆಗೆ ಹಾಕಬೇಡಿ. ಮಗು ತಾನೇ ಓದುವ ಪುಸ್ತಕ ಬೇರೆ, ಮಗುವಿಗೆ ನಾವು ಓದಿ ಹೇಳುವ ಪುಸ್ತಕ ಬೇರೆ. ಒತ್ತಕ್ಷರ ತುಂಬಿದ ಆ ಪುಸ್ತಕಗಳನ್ನು ರಾತ್ರಿ ನೀವು ಓದಿ ಹೇಳಿ. ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಬರಹದ ಕನ್ನಡ ಕಿವಿಗೆ ಬೀಳಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಹೊಸದಾಗಿ ಕೊಳ್ಳುವ ಮೊದಲು ನಿಮ್ಮ ಹತ್ತಿರದ ಗ್ರಂಥಾಲಯದ ಮಕ್ಕಳ ಕಪಾಟನ್ನು ಒಮ್ಮೆ ನೋಡಿ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದ ಮೇಲೆ ಹಳ್ಳಿಯ ಗ್ರಂಥಾಲಯಗಳಿಗೂ ಮಕ್ಕಳು ಬರುತ್ತಿದ್ದಾರೆ. ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅವಕಾಶವಿದೆ. ಆದರೆ ಮೊದಲ ಹಂತ ಎಂದಿದೆಯೆಂದು ಕಣ್ಣು ಮುಚ್ಚಿ ಕೊಡಬೇಡಿ. ಮೂಲ ಕಥೆ ಇಂಗ್ಲಿಷಿನದಾಗಿದ್ದರೆ, ಅಲ್ಲಿ ಮೂರು ಅಕ್ಷರದ ಸುಲಭ ಪದ ಇಲ್ಲಿ ಒತ್ತಿನ ಮೇಲೆ ಒತ್ತಿರುವ ಪದವಾಗಿ ಬಂದಿರಬಹುದು.

ಉತ್ತರ: ಒಬ್ಬ ತಂದೆ, ಬಾಗೇಪಲ್ಲಿ

ನಮ್ಮದೂ ತೆಲುಗು ಮನೆಯೇ. ಅದೇ ಜಾಲತಾಣದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಇವೆ. ನಾನು ಮೊದಲು ಕಥೆಯನ್ನು ತೆಲುಗಿನಲ್ಲಿ ಹೇಳಿ, ಮರುದಿನ ಅದೇ ಪುಸ್ತಕದ ಕನ್ನಡ ರೂಪವನ್ನು ಮಗನ ಕೈಗೆ ಕೊಡುತ್ತಿದ್ದೆ. ಅರ್ಥ ಮೊದಲೇ ಗೊತ್ತಿದ್ದುದರಿಂದ ಅವನ ಗಮನವೆಲ್ಲ ಅಕ್ಷರದ ಮೇಲೆ ನಿಲ್ಲುತ್ತಿತ್ತು.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮಾಲೂರು

ಬಾಗೇಪಲ್ಲಿಯವರ ಕ್ರಮವನ್ನು ಪೂರ್ತಿ ಒಪ್ಪಲು ನನಗೆ ಸ್ವಲ್ಪ ಹಿಂಜರಿಕೆಯಿದೆ. ಕಥೆ ಮೊದಲೇ ತಿಳಿದಿದ್ದರೆ ಮಗು ನೆನಪಿನಿಂದಲೇ ಒಪ್ಪಿಸಿಬಿಡಬಹುದು, ನಾವು ಓದು ಬಂತೆಂದು ಹಿಗ್ಗುತ್ತೇವೆ. ಹಾಗೆ ಮಾಡುವುದಾದರೆ ಚಿತ್ರದ ಮೇಲೆ ಒಂದು ಹಾಳೆಯನ್ನು ಮುಚ್ಚಿ, ಸಾಲಿನ ನಡುವಿನ ಒಂದು ಪದವನ್ನು ಸ್ಲೇಟಿನ ಮೇಲೆ ಬಿಡಿಯಾಗಿ ಬರೆದು ಕೇಳಿ. ಅಲ್ಲಿಯೂ ಓದಿದರೆ ಅದು ಓದು.

ಇನ್ನು 'ಪುಲಿ' ಎಂದದ್ದಕ್ಕೆ ಬೇಸರಪಡಬೇಡಿ. ನಮ್ಮ ಕೋಲಾರದ ಕಡೆಯ ಮಕ್ಕಳಿಗೆ ಇದೊಂದು ಅನುಕೂಲವೇ ಸರಿ. ತೆಲುಗಿನ ಪಾಲು, ಪಾಮು, ಪಂದಿ ಕನ್ನಡದಲ್ಲಿ ಹಾಲು, ಹಾವು, ಹಂದಿ ಆಗುತ್ತವೆ. ಈ ಜೋಡಿಗಳನ್ನು ಬಾಯಲ್ಲಿ ಆಡಿಸಿ, ಕನ್ನಡದ ಪದವನ್ನು ಬರೆದು ಮೊದಲ ಅಕ್ಷರವನ್ನು ತೋರಿಸಿ. ಹಕಾರವನ್ನು ನೋಡಿಯೇ ಓದಬೇಕು ಎಂಬುದು ಅವಳಿಗೆ ತಾನಾಗಿ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಚಿಂತಾಮಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದು ಪುಸ್ತಕಗಳನ್ನೂ ಮುಂದಿಟ್ಟುಕೊಂಡು ಒತ್ತಕ್ಷರಗಳನ್ನು ಎಣಿಸಿದೆ. ಒಂದರ ಮೂರನೇ ಪುಟದಲ್ಲಿ ನಾಲ್ಕೇ ಸಾಲಿಗೆ ಹದಿನೇಳು ಇದ್ದವು. ಅವನ್ನೆಲ್ಲ ರಾತ್ರಿ ನಾನು ಓದಿ ಹೇಳಲು ತೆಗೆದಿಟ್ಟಿದ್ದೇನೆ. ಎಂಟು ಪುಟದ ಒಂದು ಕಥೆಯನ್ನು ಇಳಿಸಿಕೊಂಡು ಮುದ್ರಿಸಿ ಕೊಟ್ಟೆ. ಅದು ಭೂತಕಾಲದಲ್ಲಿ ಹೇಳಿದ ಕಥೆಯಾಗಿದ್ದು, ಒತ್ತುಗಳು ಅಲ್ಲೊಂದು ಇಲ್ಲೊಂದು ಮಾತ್ರ ಇವೆ. 'ಹತ್ತಿದ' ಎಂಬಲ್ಲಿ ಬಹಳ ಹೊತ್ತು ನಿಂತಳು. ನಾನು ಹೇಳಿಕೊಡಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದು, ಒತ್ತಿನ ಮೇಲೆ ಬೆರಳಾಡಿಸಿ, ತಾನೇ ಓದಿದಳು. ಇಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಆ ಎಂಟು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದಾಳೆ.