ಅಪಘಾತದ ನಂತರ ತಮ್ಮ ಮದ್ದೂರು ದಾಟುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಮಂಡ್ಯದ ಅಕ್ಕ: ತಮ್ಮನಿಗೆ 27 ವರ್ಷ. ಎಂಟು ತಿಂಗಳ ಹಿಂದೆ ಮದ್ದೂರಿನ ಬಳಿ ಅವನ ಕಾರು ಕಬ್ಬಿನ ಲಾರಿಗೆ ಗುದ್ದಿ, ಪಕ್ಕದಲ್ಲಿದ್ದ ಗೆಳೆಯ ತೀರಿಕೊಂಡ. ತಮ್ಮನ ಮುರಿದ ಕೈ ಕೂಡಿಕೊಂಡಿದೆ. ಆದರೆ ರಾತ್ರಿ ಮೂರಕ್ಕೆ ಬೆವೆತು ಏಳುತ್ತಾನೆ. ಗೇಟಿನ ಸದ್ದಿಗೂ ಬೆಚ್ಚುತ್ತಾನೆ. ಕಬ್ಬಿನ ಹಾಲಿನ ವಾಸನೆ ಬಂದರೆ ಎದ್ದು ಹೋಗುತ್ತಾನೆ. ಮಂಡ್ಯದಲ್ಲಿ ಆ ವಾಸನೆ ಇಲ್ಲದ ಬೀದಿ ಯಾವುದಿದೆ? ವೈದ್ಯರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಎಂದಿದ್ದಾರೆ. ಅಪ್ಪ ಅಮ್ಮ ಗಾಳಿ ಸೋಕಿದೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಹೆಣ್ಣು ನೋಡುವ ಶಾಸ್ತ್ರವಿದೆ. ಮಾತ್ರೆಯೊಂದೇ ಸಾಕೇ? ಹೆಣ್ಣಿನ ಮನೆಯವರಿಗೆ ಹೇಳಬೇಕೇ?

ನಿವೃತ್ತ ಹವಾಲ್ದಾರ್, ಇಟ್ಟಿಗೆಗೂಡು: 17 ವರ್ಷ ಸೈನ್ಯದಲ್ಲಿದ್ದೆ. ನನ್ನ ಮುಂದಿನ ಗಾಡಿ ಸಿಡಿದದ್ದನ್ನು ಕಣ್ಣಾರೆ ನೋಡಿದವನು. ಅಲ್ಲಿದ್ದಾಗ ಏನೂ ಆಗಲಿಲ್ಲ. ಮೈಸೂರಿಗೆ ಬಂದು ಮನೆ ಕಟ್ಟಿ ಎರಡು ವರ್ಷವಾದ ಮೇಲೆ ಶುರುವಾಯಿತು. ದಸರೆಗೆ ಮುನ್ನ ವಸ್ತುಪ್ರದರ್ಶನ ಮೈದಾನದ ಕಡೆ ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಮೊದಲ ಸದ್ದಿಗೆ ಮಂಚದ ಕೆಳಗಿದ್ದೆ. ಕೈಯಲ್ಲಿದ್ದ ಕಾಫಿ ಲೋಟ ಎಲ್ಲಿ ಬಿತ್ತೆಂದು ಗೊತ್ತಿಲ್ಲ. ಮೊಮ್ಮಗಳು ಕಣ್ಣಾಮುಚ್ಚಾಲೆ ಎಂದುಕೊಂಡು ಪಕ್ಕದಲ್ಲಿ ಬಂದು ಮಲಗಿದಳು. ಜಂಬೂ ಸವಾರಿಯ ದಿನ 21 ಸುತ್ತು ತೋಪು ಹಾರುತ್ತದೆಂದು ಆನೆ, ಕುದುರೆಗಳಿಗೆ ಮುಂಚಿತವಾಗಿ ಸದ್ದು ಕೇಳಿಸಿ ಒಗ್ಗಿಸುತ್ತಾರೆ. ನನಗೆ ಮಾತ್ರ ‘ಸೈನ್ಯದಲ್ಲಿದ್ದವನಿಗೆ ಭಯವೇ’ ಎಂದರು. ಆನೆಗಿದ್ದ ಮರ್ಯಾದೆ ನನಗಿರಲಿಲ್ಲ.

ಮೂರು ವರ್ಷ ಕ್ಯಾಂಟೀನಿನ ರಮ್ಮನ್ನೇ ಔಷಧಿ ಮಾಡಿಕೊಂಡೆ. ಆಮೇಲೆ ಸರ್ಟ್ರಲೀನ್, ಖಿನ್ನತೆಗೂ ಈ ಕಾಯಿಲೆಗೂ ಕೊಡುವ ಮಾತ್ರೆ. ಮೊದಲ ಮೂರು ವಾರ ಹೊಟ್ಟೆ ತೊಳಸು ಬಿಟ್ಟರೆ ಬೇರೇನೂ ಕಾಣಲಿಲ್ಲ, ಆರನೆಯ ವಾರಕ್ಕೆ ಸ್ವಲ್ಪ ನಿದ್ದೆ ಬಂತು. ನಾಲ್ಕನೆಯ ತಿಂಗಳು ಸರಿಹೋಯಿತೆಂದು ನಾನೇ ನಿಲ್ಲಿಸಿದೆ. ತಲೆ ಸುತ್ತಿ ದೇವರಾಜ ಮಾರುಕಟ್ಟೆಯ ಮುಂದೆ ಬಿದ್ದೆ, ಹಲ್ಲು ಎರಡು ಹೋದವು. ಹಲ್ಲಿಗೆ 14,000 ಕೊಟ್ಟೆ, ಮಾತ್ರೆಗೆ ಅಷ್ಟು ಆಗಿರಲಿಲ್ಲ. ಮತ್ತೆ ಶುರು ಮಾಡಿ, ಜೊತೆಗೆ ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಹೇಳಿಸುವ ಚಿಕಿತ್ಸೆ ಮಾಡಿಸಿಕೊಂಡೆ. ಅದೂ ಒಂದು ತಾಲೀಮೇ.

ನಾಲೆ ಏರಿಯವಳು: ಹೇಳಿಸಿ ಹೇಳಿಸಿಯೇ ನನ್ನನ್ನು ಹಾಳು ಮಾಡಿದರು. ನಮ್ಮ ಕಾರು ನಾಲೆಗೆ ಬಿದ್ದು ನಾನೊಬ್ಬಳು ಬದುಕಿದೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರಲ್ಲ, ಅದಾದ ಮೇಲೂ ಎಷ್ಟೋ ಕಡೆ ಏರಿಗೆ ತಡೆಗೋಡೆ ಇರಲಿಲ್ಲ. ಅದನ್ನು ಯಾರೂ ಕೇಳುವುದಿಲ್ಲ. ನೀನು ಹೇಗೆ ಬದುಕಿದೆ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಆಪ್ತಸಮಾಲೋಚಕಿಯೊಬ್ಬರು ಎರಡನೆಯ ದಿನವೇ ನೀರಿನೊಳಗೆ ಏನು ಕಂಡಿತು ಎಂದರು. ಅಂದಿನಿಂದ ಮೂರು ವಾರ ತಲೆಗೆ ಸ್ನಾನ ಮಾಡಲಿಲ್ಲ. ಒಂದು ಸಲಕ್ಕೆ 1,200, ಏಳು ಸಲ, ಮೈಸೂರಿಗೆ ಹೋಗಿಬರುವ ಖರ್ಚು ಬೇರೆ. ಅತ್ತೆ ಮಾಟ, ಗಾಳಿ ಹೋಗಲೆಂದು ತಡೆ ಒಡೆಸಿದರು: 4,500, ಕೋಳಿ ನಮ್ಮದೇ. ಹೋಮಕ್ಕೆ 18,000. ತಾಯಿತ 900. ನನಗೆ ನಂಬಿಕೆ ಇರಲಿಲ್ಲ. ಆದರೆ ತಡೆ ಒಡೆಸಿದ ಮೇಲೆ ಅತ್ತೆ ನನ್ನನ್ನು ದೂರುವುದನ್ನು ನಿಲ್ಲಿಸಿದರು. ನಿದ್ದೆ ಬಂದದ್ದು ಆಗ.

ಸ್ಟೇರಿಂಗ್ ಬಿಟ್ಟವನು: ತಡೆ ಒಡೆಸಿದರೆ ಕಾಯಿಲೆ ಹೋಗುತ್ತದೆಂದು ಇಲ್ಲಿ ಬರೆಯುತ್ತೀರಲ್ಲ, ಆ ಹುಡುಗನ ಅಪ್ಪ ಅಮ್ಮ ಓದಿದರೆ ಇನ್ನೇನು ಬೇಕು? ನಾನು ಬಸ್ಸು ಓಡಿಸುತ್ತಿದ್ದೆ. ಅಡ್ಡ ಬಂದ ಒಬ್ಬ ಮುದುಕ ಸತ್ತ. ತಪ್ಪು ನನ್ನದಲ್ಲವೆಂದು ತೀರ್ಪು ಬಂತು, ಆದರೂ ಕಾಲು ಬ್ರೇಕಿನಿಂದ ಏಳುತ್ತಿರಲಿಲ್ಲ. ಸಂಸ್ಥೆಯವರು 41 ದಿನದ ಸಂಬಳ ಹಿಡಿದರು, ಗೈರುಹಾಜರಿ ನೋಟಿಸು ಕೊಟ್ಟರು. ಔಷಧಿ ಅಂಗಡಿಯವನು ಚೀಟಿ ಕೇಳದೆ ಕೊಟ್ಟ ನಿದ್ದೆ ಮಾತ್ರೆಗೆ ಒಂದೂವರೆ ವರ್ಷ ಅಂಟಿಕೊಂಡಿದ್ದೆ. ಅದನ್ನು ಬಿಡಿಸಲು ಪಟ್ಟ ಪಾಡು ಕಾಯಿಲೆಗಿಂತ ಹೆಚ್ಚು.

ನಾಲೆ ಏರಿಯವಳು: ಕಾಯಿಲೆ ಹೋಗುತ್ತದೆ ಎಂದು ನಾನೆಲ್ಲಿ ಬರೆದೆ? ಓದಲು ಬಾರದಿದ್ದರೆ ಸುಮ್ಮನಿರಿ.

ಹವಾಲ್ದಾರ್: ಚೀಟಿ ಇಲ್ಲದೆ ನಿದ್ದೆ ಮಾತ್ರೆ ನುಂಗಿದವರು ಕೋಳಿ ಕೊಟ್ಟವರಿಗೆ ಬುದ್ಧಿ ಹೇಳುವುದು ಚೆನ್ನಾಗಿದೆ.

ಸ್ಟೇರಿಂಗ್ ಬಿಟ್ಟವನು: ರಮ್ಮಿಗೆ ಚೀಟಿ ಇತ್ತೇ ಸ್ವಾಮಿ?

ಕ್ಲೈಮ್ ಕಳೆದುಕೊಂಡವರು: ಜಗಳ ಆಮೇಲೆ. ನನ್ನ ಮಗಳನ್ನು 11 ದಿನ ದಾಖಲಿಸಿದ್ದೆವು, 86,000 ಬಿಲ್ಲು. ಮಾನಸಿಕ ಕಾಯಿಲೆಗೆ ವಿಮೆ ಇಲ್ಲವೆಂದು ಕಂಪನಿಯವರು ಕಾಗದ ಕಳಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ದೈಹಿಕ ಕಾಯಿಲೆಗೆ ಇರುವಂತೆಯೇ ಇದಕ್ಕೂ ವಿಮೆ ಇರಬೇಕೆಂದಿದೆ. ಅದನ್ನು ಬರೆದು ಮೂರು ಸಲ ರಿಜಿಸ್ಟರ್ಡ್ ಅಂಚೆ ಹಾಕಿದೆ. ಒಂಬತ್ತು ತಿಂಗಳಾದ ಮೇಲೆ 52,000 ಬಂತು. ಡಿಸ್ಚಾರ್ಜ್ ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸುವುದು ಬೇಡವೆಂದ ನೆಂಟರ ಮಾತು ಕೇಳಿದ್ದರೆ ಅದೂ ಇಲ್ಲ.

ಮಂಡ್ಯದ ಅಕ್ಕ: ಎಲ್ಲರಿಗೂ ವಂದನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ನಿನ್ನೆ ಕರೆ ಮಾಡಿದೆ, ಕನ್ನಡದಲ್ಲಿಯೇ ಮಾತನಾಡಿದರು. ತಮ್ಮನೂ ಎರಡು ನಿಮಿಷ ಮಾತನಾಡಿದ. ಆದರೆ ಹೆಣ್ಣಿನ ಮನೆಯವರಿಗೆ ಹೇಳಬೇಕೇ ಎಂದು ಕೇಳಿದ್ದೆ. ಯಾರೂ ಹೇಳಲಿಲ್ಲ.

ಶ್ರೀರಂಗಪಟ್ಟಣದ ಸೊಸೆ: ಗಂಡನ ಕಾಯಿಲೆಯನ್ನು ನನಗೆ ಹೇಳದೆ ಮದುವೆ ಮಾಡಿದರು. ಮೊದಲ ದೀಪಾವಳಿಗೆ ತವರಿನಿಂದ ಹೊಸ ಬಟ್ಟೆ, ಪಟಾಕಿ ಎಲ್ಲವೂ ಬಂದಿತ್ತು. ನನ್ನ ತಮ್ಮ ಸರಪಟಾಕಿ ಹಚ್ಚಿದ. ಇವರು ಕಾಣಲಿಲ್ಲ. ಬಚ್ಚಲುಮನೆಯಲ್ಲಿ ಹಂಡೆಯ ಹಿಂದೆ ಹೊಸ ಪಂಚೆಯಲ್ಲಿ ಮಸಿ ಮೆತ್ತಿಕೊಂಡು ಕುಳಿತಿದ್ದರು. ನನಗೆ ಹುಚ್ಚನನ್ನು ಕಟ್ಟಿದರೆಂದು ಅಂದೇ ಅಪ್ಪನ ಜೊತೆ ಹೊರಟುಹೋದೆ. ಏಳು ತಿಂಗಳು ಬರಲಿಲ್ಲ. ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ, ಆದರೆ ಆ ದಿನ ಹಂಡೆಯ ಹಿಂದೆ ಅವರೊಬ್ಬರೇ ಇರುತ್ತಿರಲಿಲ್ಲ. ಹೇಳಿ. ನಿಮ್ಮ ತಮ್ಮನೇ ಹೇಳಲಿ.

ಹವಾಲ್ದಾರ್: ಈಗ ದೀಪಾವಳಿಗೆ ಏನು ಮಾಡುತ್ತೀರಮ್ಮ?

ಶ್ರೀರಂಗಪಟ್ಟಣದ ಸೊಸೆ: ಬಾಗಿಲು ಹಾಕಿಕೊಂಡು ಟಿವಿ ಜೋರಾಗಿ ಇಡುತ್ತೇವೆ, ಅಣ್ಣ. ಪಕ್ಕದವರು ಬೈಯುತ್ತಾರೆ.

ಪಾಂಡವಪುರದಿಂದ: ತಡೆ ಒಡೆಯುವವರು ಭಾನುವಾರವೂ ಸಿಗುತ್ತಾರೆಯೇ? ನಮ್ಮ ಅತ್ತೆಗೂ ಬೇಕಾಗಿತ್ತು.