ಅತ್ತಿಗೆ, ಟಿಕೆಟ್ ತಗೊಳ್ಳೋಕೆ ಮುಂಚೆ ಇದನ್ನ ಕೇಳಿ

ಅತ್ತಿಗೆ, ನಿಮ್ಮ ಮೆಸೇಜ್ ಈಗ ನೋಡ್ದೆ. ಎರಡು ಸಾಲಲ್ಲಿ ಮುಗಿಯೋ ಉತ್ತರ ಅಲ್ಲ ಇದು, ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ. ನೀವು ಹೇಳಿದ್ದು ಇಷ್ಟು: ಈ ವರ್ಷ, ಅಂದ್ರೆ 2026ರ ಡಿಸೆಂಬರ್ 23ಕ್ಕೆ ಬೆಂಗಳೂರು ಬಿಟ್ಟು ಮ್ಯೂನಿಕ್ಕಿಗೆ, ಜನವರಿ 2ಕ್ಕೆ ವಾಪಸ್. ಅಣ್ಣ, ನೀವು, ಪುಟ್ಟಿ, ದೊಡ್ಡಪ್ಪ, ದೊಡ್ಡಮ್ಮ, ಒಟ್ಟು ಐದು ಜನ. ಜರ್ಮನಿಯ ಕ್ರಿಸ್‌ಮಸ್ ಸಂತೆಗಳನ್ನ ನೋಡ್ಬೇಕು. ಪ್ಲಾನ್ ಸರಿ ಇದ್ಯಾ ಅಂತ ಕೇಳಿದ್ದೀರಿ. ಸರಿ ಇಲ್ಲ. ಟಿಕೆಟ್ ಇನ್ನೂ ಮಾಡಿಸಿಲ್ಲ ತಾನೆ? ಹಾಗಾದ್ರೆ ಈ ತಾರೀಖಿಗೆ ಮಾಡಿಸ್ಲೇಬೇಡಿ.

ಯಾಕೆ ಅಂದ್ರೆ, ಅಲ್ಲಿ ಬೀದಿ ಸಂಭ್ರಮ ಎಲ್ಲಾ ಹಬ್ಬಕ್ಕೆ ಮುಂಚೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ಆಡ್ವೆಂಟ್ ಅಂತಾರೆ, ಸಂತೆ ನಡೆಯೋದು ಆ ಕಾಲದಲ್ಲಿ. ಈ ವರ್ಷ ಮೊದಲ ಆಡ್ವೆಂಟ್ ಭಾನುವಾರ ನವೆಂಬರ್ 29. ನ್ಯೂರೆಂಬರ್ಗ್ ಸಂತೆ ಅದರ ಹಿಂದಿನ ಶುಕ್ರವಾರ, 27ಕ್ಕೆ ಶುರು. ಮುಗಿಯೋದು ಡಿಸೆಂಬರ್ 24ರ ಮಧ್ಯಾಹ್ನ 2 ಗಂಟೆಗೆ. ಮ್ಯೂನಿಕ್ಕಿನ ಮರೀನ್‌ಪ್ಲಾಟ್ಸ್ ಸಂತೆನೂ 24ರ ಮಧ್ಯಾಹ್ನಕ್ಕೆ ಬಂದ್. ಕಲೋನ್ ಕತೀಡ್ರಲ್ ಮುಂದಿಂದಂತೂ 23ಕ್ಕೇ ಮುಗಿದುಹೋಗುತ್ತೆ. 24ರ ಸಂಜೆ ಅಲ್ಲಿನವರಿಗೆ ಮನೆಯೊಳಗಿನ ಹಬ್ಬ, ಬೀದಿ ಖಾಲಿ. ನೀವು ಹೇಳೋ ತಾರೀಖಿಗೆ ಹೋಗೋದು, ಜಂಬೂಸವಾರಿ ಮುಗಿದ ಮಾರನೇ ದಿನ ದಸರಾ ನೋಡೋಕೆ ಮೈಸೂರಿಗೆ ಇಳಿದ ಹಾಗೆ. ಮಂಟಪ ಬಿಚ್ಚೋರು ಸಿಗ್ತಾರೆ ಅಷ್ಟೆ.

ಈ ವರ್ಷ ಇನ್ನೂ ಒಂದು ಪೇಚಿದೆ. ಡಿಸೆಂಬರ್ 25, 26 ಎರಡೂ ಅಲ್ಲಿ ಸರ್ಕಾರಿ ರಜೆ, ಶುಕ್ರವಾರ ಶನಿವಾರ. 27 ಭಾನುವಾರ, ಜರ್ಮನಿಯಲ್ಲಿ ಭಾನುವಾರ ಸೂಪರ್ ಮಾರ್ಕೆಟ್ ತೆಗೆಯಲ್ಲ. 24ರ ಮಧ್ಯಾಹ್ನ ಬಾಗಿಲು ಹಾಕಿದ್ರೆ ಮತ್ತೆ 28ರ ಬೆಳಿಗ್ಗೆನೇ. ಹಾಲು, ಮೊಸರು, ಅಕ್ಕಿ, ಎಲ್ಲಾ 24ಕ್ಕೇ ತಂದಿಟ್ಕೋಬೇಕು. ಇಳಿದ ದಿನವೇ ಈ ಓಡಾಟ ಯಾಕೆ ಬೇಕು ಹೇಳಿ.

ನನ್ನ ಮಾತು ಕೇಳೋದಾದ್ರೆ ಡಿಸೆಂಬರ್ 5ರ ಶನಿವಾರ ಹೊರಟು 13ರ ಭಾನುವಾರ ವಾಪಸ್ ಬನ್ನಿ. ಪುಟ್ಟಿಗೆ ಐದು ದಿನ ಸ್ಕೂಲ್ ತಪ್ಪುತ್ತೆ, ಪರೀಕ್ಷೆ ಇಲ್ದೆ ಇದ್ರೆ ತಪ್ಪಲಿ ಬಿಡಿ. ಸೋಮವಾರದಿಂದ ಗುರುವಾರದ ತನಕ ಸಂತೆ ನೋಡಿ, ಶುಕ್ರವಾರ ಶನಿವಾರ ಸಂಜೆ ಆ ಕಡೆ ತಲೆ ಹಾಕ್ಬೇಡಿ. ವಾರಾಂತ್ಯದ ಸಂಜೆ ನ್ಯೂರೆಂಬರ್ಗ್‌ನಲ್ಲಿ ಭುಜಕ್ಕೆ ಭುಜ ತಾಗಿಸ್ಕೊಂಡು ತೆವಳ್ಬೇಕು, ದೊಡ್ಡಪ್ಪನ ಮಂಡಿಗೆ ಅದು ಆಗಲ್ಲ. ಸೂರ್ಯ ಸಂಜೆ ನಾಲ್ಕೂಕಾಲಿಗೇ ಮುಳುಗ್ತಾನೆ. ಹಾಗಾಗಿ ಮೂರೂವರೆಗೆ ಹೋದ್ರೆ ಬೆಳಕಲ್ಲಿ ಅಂಗಡಿನೂ ನೋಡ್ಬಹುದು, ಕತ್ತಲಾದ್ಮೇಲೆ ದೀಪಾನೂ ನೋಡ್ಬಹುದು, ಏಳಕ್ಕೆ ರೂಮಿಗೆ ಬರ್ಬಹುದು.

ರಜೆ ಬದಲಾಯಿಸೋಕೆ ಆಗ್ಲೇ ಇಲ್ಲ ಅಂದ್ರೆ ಊರು ಬದಲಾಯಿಸಿ. ಆಸ್ಟ್ರಿಯಾದ ವಿಯೆನ್ನಾದಲ್ಲಿ ರಾಟ್‌ಹೌಸ್, ಅಂದ್ರೆ ನಗರಸಭೆ ಮುಂದಿನ ಸಂತೆ ಸಾಮಾನ್ಯವಾಗಿ ಡಿಸೆಂಬರ್ 26ರ ತನಕ, ಅದೇ ದೇಶದ ಸಾಲ್ಜ್‌ಬರ್ಗ್ ಕತೀಡ್ರಲ್ ಚೌಕದ್ದು ಜನವರಿ 1ರ ತನಕ, ಬರ್ಲಿನ್‌ನ ಗೆಂಡಾರ್ಮನ್‌ಮಾರ್ಕ್ಟ್ ಚೌಕದ್ದು ಡಿಸೆಂಬರ್ 31ರ ತನಕ ಇರುತ್ತೆ. ಆಯಾ ಊರಿನ ಈ ವರ್ಷದ ತಾರೀಖು ನೋಡಿಕೊಂಡೇ ಹೋಟೆಲ್ ಮಾಡಿ. ಬರ್ಲಿನ್‌ನಲ್ಲಿ 31ರ ರಾತ್ರಿ ಪಟಾಕಿ ಜನರ ಕೈಯಲ್ಲೇ, ಬೀದಿ ಮಧ್ಯೆನೇ. ದೊಡ್ಡವರನ್ನ ಹೊರಗೆ ಕರ್ಕೊಂಡು ಹೋಗ್ಬೇಡಿ.

ಮುಂಚೆ ಹೋಗ್ತೀರಿ ಅಂದ್ಕೊಂಡು ಮುಂದೆ ಹೇಳ್ತೀನಿ. ಮ್ಯೂನಿಕ್ಕಿನಲ್ಲಿ ಉಳ್ಕೊಂಡು, ನ್ಯೂರೆಂಬರ್ಗಿಗೆ ಒಂದು ದಿನ ಹೋಗಿಬನ್ನಿ. ಬಯರ್ನ್ ಟಿಕೆಟ್ ಅಂತ ಇದೆ, ಐದು ಜನರ ತನಕ ಒಂದೇ ಟಿಕೆಟ್, ನಿಮಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಮಾರನೇ ದಿನ ಬೆಳಗಿನ ಜಾವ 3ರ ತನಕ, ಬವೇರಿಯಾದೊಳಗೆ, ಅಂದ್ರೆ ಈ ಎರಡೂ ಊರಿರೋ ರಾಜ್ಯದೊಳಗೆ, ಎಷ್ಟು ಸಲ ಬೇಕಾದ್ರೂ ಓಡಾಡಿ. ಜನ ಎಡವೋದು ಎಲ್ಲಿ ಅಂದ್ರೆ, ಅದು ರೀಜನಲ್ ರೈಲಿಗೆ ಮಾತ್ರ. ಐಸಿಇ ಅನ್ನೋ ವೇಗದ ರೈಲು ಹತ್ತಿದ್ರೆ ದಂಡ. ಒಂಬತ್ತಕ್ಕೆ ಐದು ನಿಮಿಷ ಮುಂಚೆ ಹೊರಡೋ ರೈಲಿಗೂ ನಡೆಯಲ್ಲ. ಐದೂ ಜನರ ಹೆಸರು ಟಿಕೆಟ್ ಮೇಲೆ ಇರ್ಬೇಕು, ಕಾಗದದ ಟಿಕೆಟ್ ಆದ್ರೆ ಹತ್ತೋಕೆ ಮುಂಚೆ ನೀವೇ ಪೆನ್ನಲ್ಲಿ ಬರೀರಿ. ರೀಜನಲ್ ಎಕ್ಸ್‌ಪ್ರೆಸ್‌ಗೆ ಸುಮಾರು ಒಂದೂಮುಕ್ಕಾಲು ಗಂಟೆ ಬೇಕು, ಐಸಿಇಗೆ ಒಂದು ಗಂಟೆ ಚಿಲ್ಲರೆ. ಅರ್ಧ ಮುಕ್ಕಾಲು ಗಂಟೆ ಉಳಿಸೋಕೆ ಅಷ್ಟು ದುಡ್ಡು ಸುರಿಯೋದು ವ್ಯರ್ಥ. ಇದೇ ಟಿಕೆಟ್ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದ ತನಕವೂ ಚಲಾವಣೆ, ಗಡಿಯಾಚೆ ಆದ್ರೂ.

ನ್ಯೂರೆಂಬರ್ಗ್ ಸ್ಟೇಷನ್ನಿಂದ ಸಂತೆಗೆ ಕಾಲು ಗಂಟೆ ನಡಿಗೆ, ಇಲ್ಲಾ ಮೆಟ್ರೋ ಯು1ರಲ್ಲಿ ಒಂದೇ ಸ್ಟಾಪ್, ಲೊರೆನ್ಸ್‌ಕಿರ್ಖೆ. ರೈಲು ಹನ್ನೊಂದರ ಹೊತ್ತಿಗೆ ತಲುಪಿಸಿದ್ರೆ ನೇರ ಹೌಪ್ಟ್‌ಮಾರ್ಕ್ಟ್ ಚೌಕಕ್ಕೆ ಹೋಗಿ, ಹನ್ನೆರಡಕ್ಕೆ ಸರಿಯಾಗಿ ಫ್ರೌವೆನ್‌ಕಿರ್ಖೆ ಚರ್ಚಿನ ಗಡಿಯಾರ ನೋಡಿ. ಚಕ್ರವರ್ತಿಯನ್ನ ಆರಿಸೋ ಹಕ್ಕಿದ್ದ ಏಳು ಜನರ ಬೊಂಬೆಗಳು ಹೊರಗೆ ಬಂದು ಚಕ್ರವರ್ತಿಗೆ ಮೂರು ಸುತ್ತು ಹಾಕ್ತವೆ. 1356ರಲ್ಲಿ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಹೊರಡಿಸಿದ ರಾಜಶಾಸನದ ನೆನಪಿಗೆ 1509ರಲ್ಲಿ ಮಾಡಿದ್ದು. ಆಮೇಲೆ ಊಟ ಮಾಡಿ, ಎಲ್ಲಾದ್ರೂ ಬೆಚ್ಚಗೆ ಕೂತು, ಮೂರೂವರೆಗೆ ಮತ್ತೆ ಬನ್ನಿ. ಕೆಂಪು-ಬಿಳಿ ಪಟ್ಟೆ ಬಟ್ಟೆ ಹೊದಿಸಿದ ಸುಮಾರು 180 ಅಂಗಡಿ. ಈ ಸಂತೆಯ ಅತಿ ಹಳೇ ದಾಖಲೆ 1628ರದ್ದು. ಡ್ರೆಸ್ಡೆನ್‌ನದು ಇನ್ನೂ ಹಳೇದು, 1434. ಪುಟ್ಟಿಗೆ ಪಕ್ಕದ ಹಾನ್ಸ್-ಸಾಕ್ಸ್-ಪ್ಲಾಟ್ಸ್‌ನಲ್ಲಿ ಮಕ್ಕಳ ಸಂತೆ ಬೇರೆ ಇದೆ, ಎರಡಂತಸ್ತಿನ ತಿರುಗೋ ಕುದುರೆ ಇದೆ. ಕೊಳ್ಳೋದಾದ್ರೆ ಒಣ ಪ್ಲಮ್ ಹಣ್ಣಲ್ಲಿ ಮಾಡಿದ ಪುಟಾಣಿ ಬೊಂಬೆ ತಗೊಳ್ಳಿ, ಅದು ಆ ಊರಿನದೇ.

ದೊಡ್ಡಮ್ಮ ನವರಾತ್ರಿಗೆ ಬೊಂಬೆ ಕೂರಿಸ್ತಾರಲ್ಲ, ಅವರಿಗೆ ಮ್ಯೂನಿಕ್ಕೇ ಹೆಚ್ಚು ಹಿಡಿಸುತ್ತೆ. ಅಲ್ಲಿ ಕ್ರಿಪರ್ಲ್‌ಮಾರ್ಕ್ಟ್ ಅಂತ ಸಂತೆಯದೇ ಒಂದು ಭಾಗ, ಯೇಸು ಹುಟ್ಟಿದ ಗೋದಲಿ ಕೂರಿಸೋಕೆ ಬೇಕಾದ ಬೊಂಬೆ, ಕುರಿ, ಲಾಟೀನು, ಕೈಬೆರಳುದ್ದದ ಬುಟ್ಟಿ ಎಲ್ಲಾ ಬಿಡಿಬಿಡಿಯಾಗಿ ಸಿಗುತ್ತೆ. ಬವೇರಿಯನ್ ನ್ಯಾಷನಲ್ ಮ್ಯೂಸಿಯಂನಲ್ಲಿ ಹಳೇ ಗೋದಲಿಗಳ ದೊಡ್ಡ ಸಂಗ್ರಹ ಇದೆ. ಸೋಮವಾರ ಮುಚ್ಚಿರುತ್ತೆ, ನೆನಪಿರಲಿ.

ಈಗ ಊಟ, ನಿಮ್ಮ ಮುಖ್ಯ ಚಿಂತೆ ಅದೇ ಅಂತ ಗೊತ್ತು. ಮೂರು ಮಾತು ಬಾಯಿಪಾಠ ಮಾಡಿ. ‘ಓನೆ ಫ್ಲೈಶ್’ ಅಂದ್ರೆ ಮಾಂಸ ಬೇಡ, ‘ಓನೆ ಶ್ಪೆಕ್’ ಅಂದ್ರೆ ಹಂದಿ ಚೂರು ಬೇಡ, ‘ಓನೆ ಐ’ ಅಂದ್ರೆ ಮೊಟ್ಟೆ ಬೇಡ. ಎರಡನೇದನ್ನ ಬೇರೆಯಾಗೇ ಹೇಳ್ಬೇಕು, ಯಾಕೆ ಅಂದ್ರೆ ಮಾಂಸ ಇಲ್ಲ ಅಂದೋರು ಶ್ಪೆಕ್ ಹಾಕಿಬಿಡ್ತಾರೆ. ತೆಳ್ಳನೆ ರೊಟ್ಟಿ ಥರದ ಫ್ಲಾಮ್‌ಕೂಖೆನ್ ಮೇಲೆ ಅದು ಸಾಮಾನ್ಯವಾಗಿ ಇರುತ್ತೆ. ಮೊಟ್ಟೆನೂ ತಿನ್ನದ ದೊಡ್ಡಮ್ಮನಿಗೆ ಕಣ್ಣು ಮುಚ್ಚಿ ಕೊಡಬಹುದಾದ್ದು ಸುಟ್ಟ ಚೆಸ್ಟ್‌ನಟ್, ಅಲ್ಲಿ ಮರೋನಿ ಅಂತಾರೆ, ಮತ್ತೆ ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ. ಮರೋನಿ ಪೊಟ್ಟಣ ಕೋಟಿನ ಜೇಬಲ್ಲಿ ಇಟ್ಕೊಂಡ್ರೆ ಕೈನೂ ಬೆಚ್ಚಗಿರುತ್ತೆ. ಆಲೂಗಡ್ಡೆ ದೋಸೆ ಥರ ಇರೋ ರೈಬರ್‌ಡಾಚಿ, ಸೇಬಿನ ಗೊಜ್ಜಿನ ಜೊತೆ ಕೊಡೋದು, ಸಸ್ಯಾಹಾರಿ ಅಂತ ಎಲ್ಲರೂ ತಿಂತಾರೆ, ಆದ್ರೆ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತೆ. ತೆಳ್ಳನೆ ದೋಸೆಯಂಥ ಕ್ರೇಪ್, ಚೀಸ್ ಹಾಕಿದ ಶ್ಪೆಟ್ಸ್‌ಲೆ ಅನ್ನೋ ನೂಡಲ್ಸ್, ನ್ಯೂರೆಂಬರ್ಗ್‌ನ ಲೇಬ್‌ಕೂಖೆನ್ ಅನ್ನೋ ಮಸಾಲೆ ಬಿಸ್ಕತ್ತು, ಇವಕ್ಕೂ ಸಾಮಾನ್ಯವಾಗಿ ಅಷ್ಟೆ. ಬೋರ್ಡಲ್ಲಿ ‘ಶ್ಮಾಲ್ಟ್ಸ್’ ಅನ್ನೋ ಪದ ಕಂಡ್ರೆ ಅದು ಹೆಚ್ಚಾಗಿ ಹಂದಿ ಕೊಬ್ಬು, ಕರಿದ ಸಿಹಿ ತಿಂಡಿಗೂ ಆ ಹೆಸರು ಇರುತ್ತೆ, ಕೇಳದೆ ತಗೋಬೇಡಿ. ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್, ಪುಟ್ಟಿಗೆ ಮೊದಲೇ ಹೇಳಿಟ್ಟಿರಿ. ಡ್ರೆಸ್ಡೆನ್ ಶೈಲಿಯ ಸ್ಟೊಲನ್ ಅನ್ನೋ ಒಣಹಣ್ಣಿನ ಕೇಕಿಗೆ ಮೊಟ್ಟೆ ಸಾಮಾನ್ಯವಾಗಿ ಹಾಕಲ್ಲ, ನೂರು ಪಾಲು ಮೈದಾಕ್ಕೆ ಕನಿಷ್ಠ ಐವತ್ತು ಪಾಲು ಬೆಣ್ಣೆ. ಆದ್ರೆ ದ್ರಾಕ್ಷಿ ಹೆಚ್ಚಾಗಿ ರಮ್‌ನಲ್ಲಿ ನೆನೆದಿರುತ್ತೆ. ದೊಡ್ಡಮ್ಮನಿಗೆ ಅದೂ ಬೇಡ, ಅಣ್ಣನಿಗೆ ಕೊಡಿ.

ಕುಡಿಯೋಕೆ ಮಗ್‌ನಲ್ಲಿ ಬಿಸಿಬಿಸಿ ಕೊಡೋದೆಲ್ಲಾ ಕಷಾಯ ಅಲ್ಲ. ಗ್ಲೂವೈನ್ ಅಂದ್ರೆ ಮಸಾಲೆ ಹಾಕಿದ ವೈನ್, ಕಾನೂನಿನ ಪ್ರಕಾರ ಕನಿಷ್ಠ ಶೇಕಡ 7 ಆಲ್ಕೋಹಾಲ್. ನಿಮಗೆ ಬೇಕಾದ್ದು ಕಿಂಡರ್‌ಪುನ್ಶ್, ಹಣ್ಣಿನ ರಸ, ಚಕ್ಕೆ, ಲವಂಗ. ಮಗ್‌ಗೆ ಫಾಂಡ್ ಅಂತ ಠೇವಣಿ ತಗೋತಾರೆ, ಸಾಮಾನ್ಯವಾಗಿ 3ರಿಂದ 5 ಯೂರೋ, ವಾಪಸ್ ಕೊಟ್ರೆ ದುಡ್ಡು ವಾಪಸ್. ಕೆಲವು ಕಡೆ ಜೊತೆಗೊಂದು ಬಿಲ್ಲೆ ಕೊಡ್ತಾರೆ, ಅದು ಕಳೆದ್ರೆ ಮಗ್ ಇದ್ರೂ ದುಡ್ಡು ಬರಲ್ಲ. ತುಂಬಾ ಅಂಗಡಿಯಲ್ಲಿ ಕಾರ್ಡ್ ನಡೆಯಲ್ಲ, ಐದು ಹತ್ತರ ನೋಟು ಇಟ್ಕೊಳ್ಳಿ. ಶೌಚಾಲಯಕ್ಕೆ ಅಂತ ಐವತ್ತು ಸೆಂಟ್, ಒಂದು ಯೂರೋ ನಾಣ್ಯ ಬೇರೆ ಪರ್ಸಲ್ಲಿ.

ಚಳಿ ಬಗ್ಗೆ. ಹಿಮ ಬೀಳುತ್ತೆ ಅಂತ ಪುಟ್ಟಿಗೆ ಆಸೆ ಹುಟ್ಟಿಸ್ಬೇಡಿ, ಬಯಲು ಊರುಗಳಲ್ಲಿ ಡಿಸೆಂಬರ್ ಅಂದ್ರೆ ಹೆಚ್ಚಾಗಿ ಸೊನ್ನೆಯಿಂದ ಐದು ಡಿಗ್ರಿ, ಜಿನುಗು ಮಳೆ. ಕಷ್ಟ ಬರೋದು ಮೇಲಿಂದ ಅಲ್ಲ, ಕೆಳಗಿಂದ. ಕಲ್ಲು ಹಾಸಿದ ಚೌಕದಲ್ಲಿ ಎರಡು ಗಂಟೆ ನಿಂತ್ರೆ ಅಂಗಾಲಿಂದ ಚಳಿ ಹತ್ತುತ್ತೆ. ದುಡ್ಡು ಖರ್ಚು ಮಾಡೋದಿದ್ರೆ ಜಾಕೆಟ್‌ಗಿಂತ ಮುಂಚೆ ಶೂಗೆ ಮಾಡಿ: ದಪ್ಪ ಅಟ್ಟೆ, ನೀರು ಒಳಗೆ ಬರದ್ದು, ಉಣ್ಣೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡುವಷ್ಟು ಜಾಗ. ಬಿಗಿಯಾದ್ರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತೆ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗೇ ಇರುತ್ತೆ, ಥರ್ಮಲ್ ಅಥವಾ ಉಣ್ಣೆ ಹಾಕಿ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯೋ ಜಾಕೆಟ್. ಅಂಗಡಿ, ರೈಲೊಳಗೆ ಹೀಟರ್ ಇರುತ್ತೆ, ಬಿಚ್ಚೋ ಹಾಗಿರ್ಬೇಕು. ದೊಡ್ಡಮ್ಮ ಸೀರೆನೇ ಅಂದ್ರೆ ಒಳಗೆ ಎರಡು ಥರ್ಮಲ್ ಪ್ಯಾಂಟ್ ಹಾಕಿ, ಸೀರೆ ಗಿಡ್ಡಕ್ಕೆ ಉಡಲಿ, ನೆರಿಗೆ ಅಂಚು ಒದ್ದೆಯಾದ್ರೆ ಇಡೀ ದಿನ ಕಾಲಿಗೆ ತಣ್ಣಗೆ ಬಡೀತಿರುತ್ತೆ. ಕೊಬ್ಬರಿ ಎಣ್ಣೆ ಬಾಟಲಿ ಒಯ್ದು ಪ್ರಯೋಜನ ಇಲ್ಲ, ತಣ್ಣನೆ ರೂಮಲ್ಲಿ ಕಲ್ಲಾಗುತ್ತೆ. ಅಗಲ ಬಾಯಿನ ಡಬ್ಬಿಯಲ್ಲಿ ಹಾಕಿ.

ವೀಸಾ ಕೆಲಸ ಸೆಪ್ಟೆಂಬರ್ ಒಳಗೆ ಮುಗಿಸಿ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕ್ಬಹುದು. ನಿಯಮದಲ್ಲಿ 15 ದಿನ ಅಂತಿದ್ರೂ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ದೊಡ್ಡವರಿಗೆ ಫೀ 90 ಯೂರೋ, ಆರರಿಂದ ಹನ್ನೆರಡು ತುಂಬದ ಮಕ್ಕಳಿಗೆ 45, ವೀಸಾ ಕೇಂದ್ರದ ಸೇವಾಶುಲ್ಕ ಬೇರೆ. ಆಸ್ಟ್ರಿಯಾನೂ ಸೇರಿಸೋದಾದ್ರೆ ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೇ ಅರ್ಜಿ, ಸಮಸಮ ಆದ್ರೆ ಮೊದಲು ಕಾಲಿಡೋ ದೇಶಕ್ಕೆ. ವಿಮೆ ಕನಿಷ್ಠ 30,000 ಯೂರೋದ್ದು. ದೊಡ್ಡಪ್ಪನಿಗೆ ಬಿಪಿ ಇದೆ ಅಲ್ವಾ, ಮೊದಲಿಂದ ಇರೋ ಕಾಯಿಲೆಗೂ ಅನ್ವಯಿಸುತ್ತಾ ಅಂತ ಪಾಲಿಸಿ ಓದಿ, ಅಗ್ಗದ್ದರಲ್ಲಿ ಅದನ್ನ ಬಿಟ್ಟಿರ್ತಾರೆ. ಮಾತ್ರೆ ಎಲ್ಲಾ ಕೈಚೀಲದಲ್ಲಿ, ಔಷಧದ ಮೂಲ ಹೆಸರಿರೋ ಚೀಟಿ ಸಮೇತ.

ಇಲ್ಲಿಂದ ತಿಂಡಿ ಒಯ್ಯೋದು: ಚಟ್ನಿಪುಡಿ, ಗೊಜ್ಜವಲಕ್ಕಿ, ಎಣ್ಣೆಯಲ್ಲಿ ಹುರಿದ ರವೆ ಪರವಾಗಿಲ್ಲ. ತುಪ್ಪ, ಪೇಡಾ, ಹಾಲಿನ ಪುಡಿ ಬೇಡ, ಹಾಲಿನ ಪದಾರ್ಥ ಹೊರಗಿಂದ ತರೋದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ. ಹಸಿ ಕರಿಬೇವಿನ ಸೊಪ್ಪೂ ಹಾಗೆ, ಒಣಗಿಸಿ ಪುಡಿ ಮಾಡ್ಕೊಳ್ಳಿ. ಹೋಟೆಲ್ ಬದಲು ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹುಡುಕಿ, ರಾತ್ರಿ ಬಿಸಿ ಅನ್ನ ಸಾರು ಆದ್ರೆ ಅರ್ಧ ತಲೆನೋವು ಕಡಿಮೆ. ಪುಟ್ಟಿ ವಯಸ್ಸು, ಸ್ಕೂಲ್ ಪರೀಕ್ಷೆ ತಾರೀಖು ಎರಡನ್ನೂ ಇಲ್ಲೇ ಹಾಕಿ, ಮೊದಲು ಆ ವಾರ ಖಾಲಿ ಇದ್ಯಾ ನೋಡೋಣ.